ಅತ್ತೆ ನನ್ನ ಮೇಲೆ ಕಟ್ಟಿದ ಹಾಡು

ಹಾಡು ಶುರು ಮಾಡುವ ಮೊದಲು ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಎಡ ಕೆನ್ನೆಗೆ ತಳ್ಳುತ್ತಿದ್ದಳು. ಕೆನ್ನೆ ನೆಲ್ಲಿಕಾಯಿ ಗಾತ್ರಕ್ಕೆ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಮೊಣಕೈಯಿಂದ ಮೂಗಿನ ತುದಿ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, ಎದುರಿಗಿದ್ದವರ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಿದ್ದಳು. ಅಂಗೈಯನ್ನು ಬಿಟ್ಟು ಮೊಣಕೈಯನ್ನೇ ಬಳಸುತ್ತಿದ್ದುದಕ್ಕೆ ಕಾರಣವಿತ್ತು. ವರ್ಷದ ಅರ್ಧ ಭಾಗ ಅವಳ ಕೈಗಳಲ್ಲಿ ಕೆಸರಿರುತ್ತಿತ್ತು. ಬಲ ಹೆಬ್ಬೆರಳಿನ ಉಗುರಂತೂ ಹಬ್ಬದ ದಿನ ಸೀಗೆಪುಡಿ ಹಾಕಿ ತಿಕ್ಕಿದರೂ ಕಪ್ಪಾಗಿಯೇ ಇರುತ್ತಿತ್ತು.

ಅವಳು ನಮ್ಮಪ್ಪನ ಅಕ್ಕ. ತಮಿಳು ಸೀಮೆಯ ಚಿನ್ನಮನೂರಿನ ನಮ್ಮ ಮನೆಯಿಂದ ಮಾರ್ಕಯನ್‌ಕೋಟ್ಟೈಗೆ ಕೊಟ್ಟಿದ್ದರು. ಬೆಳಿಗ್ಗೆ ಹೊರಟರೆ ಬಿಸಿಲೇರುವ ಮುಂಚೆ ನಡೆದು ಮುಟ್ಟಬಹುದಾದ ಊರು. ಅವರಿಗೆ ಒಂದು ತುಂಡು ಗದ್ದೆ ಇತ್ತು. ಅದರ ಕೆಲಸ ಮುಗಿದ ಮೇಲೆ ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಸುತ್ತಮುತ್ತಲಿನವರ ಗದ್ದೆಗೆ ನಾಟಿಗೆ ಹೋಗುತ್ತಿದ್ದಳು. ಗುಂಪಿನಲ್ಲಿ ಮನೆಮಾತು ಕನ್ನಡದ ನಮ್ಮವರೂ ಇದ್ದರು, ತಮಿಳಿನವರೂ ಇದ್ದರು. ಮುಂದಾಳು ಒಂದು ಸಾಲು ಹಾಡಬೇಕು, ಉಳಿದವರು ಅದನ್ನೇ ಎತ್ತಿಕೊಳ್ಳಬೇಕು, ಸಾಲು ಮುಗಿಯುವಷ್ಟರಲ್ಲಿ ಎಲ್ಲರ ಕೈಯ ಪೈರೂ ಕೆಸರಿಗಿಳಿದು ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ನಾಟಿ ಮಾಡುವವರು ಮುಂದಕ್ಕೆ ನಡೆಯುವುದೇ ಇಲ್ಲವಲ್ಲ. ಅತ್ತೆಯ ಗುಂಪು ನೆಟ್ಟ ಗದ್ದೆ ಬೇಗ ಮುಗಿಯುತ್ತದೆ ಎಂದು ಹೆಸರಾಗಿತ್ತು. ನಾಟಿಯ ಕಾಲ ಬಂತೆಂದರೆ ಗದ್ದೆಯವರು ಅವಳ ಜಗಲಿಯ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದರು.

ಆಡು ಮುಟ್ಟದ ಸೊಪ್ಪಿಲ್ಲ, ಅತ್ತೆ ಕಟ್ಟದ ಹಾಡಿಲ್ಲ. ಊರಿಗೆ ಹೊಸ ಬಸ್ಸು ಬಂದರೆ ಅದರ ಮೇಲೊಂದು ಹಾಡು. ಅಧಿಕಾರಿಯೊಬ್ಬರ ಟೋಪಿ ಗಾಳಿಗೆ ಹಾರಿ ಕಾಲುವೆಗೆ ಬಿದ್ದರೆ ಆ ಟೋಪಿಯ ಮೇಲೊಂದು. ಅಡುಗೆ ಮಾಡುವಾಗಲೂ ಹಾಡು ಕಟ್ಟುತ್ತಿದ್ದುದರಿಂದ ಅವಳ ಸಾರಿಗೆ ಉಪ್ಪು ಬಿದ್ದಿದ್ದನ್ನು ನಾನು ಕಂಡಿದ್ದು ಅಪರೂಪ. ಮಾವ ಪಾಪ, ಪಕ್ಕದಲ್ಲಿ ಉಪ್ಪಿನ ಮರಿಗೆ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದರು. ಅವಳ ಹಾಡೆಲ್ಲವೂ ನಮ್ಮ ಮನೆಯ ಕನ್ನಡದಲ್ಲಿ. ಗುಂಪಿನ ತಮಿಳು ಹೆಂಗಸರಿಗೂ ಅಷ್ಟು ವರ್ಷಗಳಲ್ಲಿ ಅದು ಬಾಯಿಪಾಠವಾಗಿತ್ತು.

ನಮ್ಮ ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮವರು ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಹೊಸಿಲ ಒಳಗೆ ಕನ್ನಡ, ಹೊಸಿಲ ಹೊರಗೆ ತಮಿಳು. ಯಾರೂ ಮಾಡಿದ ಕಟ್ಟಳೆಯಲ್ಲ ಅದು, ಹಾಗೇ ನಡೆದುಬಂದದ್ದು. ಒಳಗಿನ ಕನ್ನಡಕ್ಕೂ ತಮಿಳು ಹತ್ತಿಕೊಂಡಿತ್ತು: ಹಾಡಿಗೆ ಪಾಟು, ಕೆಲಸಕ್ಕೆ ವೇಲೆ, ವೇದಿಕೆಗೆ ಮೇಡೆ. ಮದುವೆಯ ಚಪ್ಪರದಲ್ಲೂ ಅಷ್ಟೆ. ಮೈಕಿನಲ್ಲಿ ಆಡುವುದೆಲ್ಲ ತಮಿಳು, ಮೈಕಿಲ್ಲದೆ ಆಡುವುದೆಲ್ಲ ಕನ್ನಡ. ದನಕ್ಕೆ, ದೇವರಿಗೆ, ಅಳುವ ಮಗುವಿಗೆ ಕನ್ನಡ. ಮೈಕಿಗೆ ಕನ್ನಡ ಬರುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ನಾನು ಆಗ ಗಿಟಾರ್‌ನ ಗುಂಗಿನಲ್ಲಿದ್ದೆ. ಅರವತ್ತರ ದಶಕದ ನಡುವಿನ ಮಾತು. ಟೆಂಟಿನ ಸಿನಿಮಾಗಳಲ್ಲಿ ನಾಯಕ ಗಿಟಾರ್ ತೂಗುಹಾಕಿಕೊಂಡು, ಸೊಂಟ ತಿರುಗಿಸುತ್ತ, ತಾನೇ ಜಗತ್ತಿನ ರಾಜ, ತನ್ನ ಹಾಡಿಗೆ ಊರಿಗೆ ಊರೇ ಹುಚ್ಚಾಗಿದೆ ಎಂದು ಹಾಡುತ್ತಿದ್ದ ಕಾಲ. ಮುಂದೆ ಮಣ್ಣಿನ ಮೇಲೆ ಕೂತವರು ಶಿಳ್ಳೆ ಹೊಡೆದರೆ ಹಿಂದೆ ಬೆಂಚಿನ ಮೇಲಿದ್ದ ಹಿರಿಯರು ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಈ ಹಾಡುಗಳಿಂದ ಪೈರಿಗೆ ಹುಳ ಬೀಳುತ್ತದೆ ಎಂದವರೂ ಇದ್ದರು. ನನಗೆ ಮಾತ್ರ ಅದೇ ವೇದ. ಹತ್ತಿ ಗಿರಣಿಯ ಕೆಲಸ ಹುಡುಕುತ್ತೇನೆಂದು ಹೇಳಿ ದಿಂಡಿಗಲ್ಲಿಗೆ ಹೋದವನು ಅಲ್ಲಿ ವಾದ್ಯ ರಿಪೇರಿ ಮಾಡುವವನ ಹತ್ತಿರ ಹಳೆಯದೊಂದು ಗಿಟಾರ್ ಸಂಪಾದಿಸಿದೆ. ಮದುವೆ ಜಾತ್ರೆಗಳಿಗೆ ಹೋಗುವ ಒಂದು ಹಾಡಿನ ತಂಡಕ್ಕೂ ಸೇರಿಕೊಂಡೆ. ಅದರ ಯಜಮಾನರು ಹಾರ್ಮೋನಿಯಂ ನುಡಿಸುವ ತಮಿಳಿನವರು, ನಾವೆಲ್ಲ ಮಾಸ್ಟರ್ ಎನ್ನುತ್ತಿದ್ದೆವು. ಕೂದಲು ಬಿಟ್ಟೆ. ತಲೆಗೆ ಎಣ್ಣೆ ಹಾಕುವುದನ್ನು ಬಿಟ್ಟೆ. ಕೊನೆಗೆ ನನ್ನದೇ ಒಂದು ಹಾಡು ಬರೆದೆ, ಅಚ್ಚ ಸಿನಿಮಾ ತಮಿಳಿನಲ್ಲಿ. ನಾನು ಕಾಲಿಟ್ಟಲ್ಲಿ ವೇದಿಕೆ ಏಳುತ್ತದೆ, ನಾನು ತಂತಿ ಮೀಟಿದರೆ ಮಿಂಚು ಹೊಡೆಯುತ್ತದೆ, ನಗರಗಳೆಲ್ಲ ನನ್ನ ಹೆಸರು ಹಿಡಿದು ಕೂಗುತ್ತವೆ ಎಂಬುದು ಅದರ ತಾತ್ಪರ್ಯ. ಇಂದು ನೆನೆದರೆ ಮೈ ಜುಮ್ಮೆನ್ನುತ್ತದೆ, ನಾಚಿಕೆಯಿಂದ.

ವೇದಸಂದೂರಿನಲ್ಲಿ ಗಿರಣಿ ಕೆಲಸಗಾರರ ಹಬ್ಬಕ್ಕೆ ಅದನ್ನು ಮೊದಲ ಸಲ ಹಾಡಿದೆ. ಮುಂದಿನವರು ಎದ್ದು ಕುಣಿದರು. ಹಿಂದಿನಿಂದ ಯಾರೋ ಒಂದು ಕಡಲೆಕಾಯಿ ಪೊಟ್ಟಣವನ್ನು ಗುರಿಯಿಟ್ಟು ಎಸೆದರು. ನಾನು ಕುಣಿದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಊರಿಗೆ ಬಂದೆ.

ಅಪ್ಪ ನನ್ನ ಕೂದಲು ನೋಡಿ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಎಂದು ದನದ ಕೊಟ್ಟಿಗೆಗೆ ಹೊರಟುಹೋದರು. ಅವ್ವ ಗಿಟಾರನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಅಟ್ಟದ ಮೇಲಿಟ್ಟಳು. ಅತ್ತೆಯೊಬ್ಬಳೇ ಕೇಳಿದ್ದು. ಅವಳ ಮನೆಗೆ ಹೋದಾಗ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು, "ಎಲ್ಲಿ, ಪಾಡು ನೋಡಾನ" ಎಂದಳು.

ಹಾಡಿದೆ. ಒಂದು ಅವರೆಕಾಯಿಯನ್ನೂ ಸುಲಿಯದೆ ಪೂರ್ತಿ ಕೇಳಿದಳು. ಮುಗಿದ ಮೇಲೆ ಕೇಳಿದಳು:

"ಏನ್ಡಾ ಅಳಿಯ, ಶಹರೆಲ್ಲ ನಿನ್ ಹೆಸ್ರು ಕೂಗ್ತದೆ ಅಂದ್ಯಲ್ಲ, ಯಾವ ಶಹರ?"

"ಅದು ಪಾಟಿಗೆ ಅಂತ ಹಾಕಿದ್ದು, ಅತ್ತೆ."

"ದಿಂಡಿಗಲ್ ದಾಟಿ ಯಾವೂರ್ಗೆ ಹೋಗಿದ್ದೀಯ?"

"ಮದುರೆಗೆ. ಒಂದ್ಸಲ."

"ಯಾತಕ್ಕೆ?"

ಸುಳ್ಳು ಹೇಳಬಹುದಿತ್ತು. ಅತ್ತೆಯ ಎದುರು ಬಾಯಿಗೆ ಬರಲಿಲ್ಲ. "ಹಲ್ಲು ಕೀಳ್ಸಾಕೆ" ಎಂದೆ.

"ಶರಿ" ಎಂದು ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು. "ರಾಗ ಚೆನ್ನಾಗೈತೆ. ಆ ಪಾಟಿನೊಳಗೆ ಇರೋ ಗಂಡಸು ಯಾರು ಅಂತ ಮಾತ್ರ ನಂಗೆ ತಿಳೀಲಿಲ್ಲ. ಇನ್ನೊಂದ್ಸಲ ಬರುವಾಗ ಅವನ್ನೂ ಕರ್ಕಂಬಾ. ಒಂದು ಲೋಟ ಮಜ್ಜಿಗೆ ಕೊಡ್ತೀನಿ."

ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಹಳ್ಳಿಯ ಮುದುಕಿಗೆ ಏನು ಗೊತ್ತು ಎಂದುಕೊಂಡು ಎದ್ದು ಬಂದೆ.

ಅದು ನಾಟಿಯ ತಿಂಗಳು. ಎಂಟು ದಿನ ಕಳೆದಿರಲಿಲ್ಲ, ಮಾರ್ಕಯನ್‌ಕೋಟ್ಟೈ ಗದ್ದೆಗಳಲ್ಲಿ ಹೊಸ ಹಾಡು ಎದ್ದಿತು.

ಬಂದಾನೆ ಬಂದಾನೆ ಪಾಟಿನ ರಾಜ
ತಂತಿಯ ಪೆಟ್ಟಿಗೆ ಹೊತ್ತಾನೆ
ಎಣ್ಣೆಯ ಕಾಣದ ತಲೆಯೊಳಗೆ
ಗುಬ್ಬಿಗೆ ಮನೆಯ ಕೊಟ್ಟಾನೆ

ಹಲ್ಲನು ಕೀಳ್ಸಾಕೆ ಮದುರೆಗೆ ಹೋದ
ಶಹರವೆ ಕೂಗಿತು ಅಂದಾನೆ
ಕೂಗಿದ್ದು ಶಹರ ಅಲ್ಲವೆ ತಂಗಿ
ಕುರ್ಚೀಲಿ ಕೂತು ತಾನೇನೆ

ಹೀಗೆ ಹದಿನೈದಕ್ಕೂ ಹೆಚ್ಚು ನುಡಿಗಳಿದ್ದವು. ದಿನಕ್ಕೊಂದು ಸೇರುತ್ತಿತ್ತು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಒಂದು ಬದುವಿನಿಂದ ಇನ್ನೊಂದು ಬದುವಿಗೆ ಹಾರಿ ಆ ಹಾಡು ಚಿನ್ನಮನೂರಿಗೆ, ದಿಂಡಿಗಲ್ಲಿನಿಂದ ಬರುತ್ತಿದ್ದ ನನಗಿಂತ ಮೊದಲೇ ತಲುಪಿತು. ನೀರಿಗೆ ಬಂದ ಹೆಂಗಸರು ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ತೇನಿ ಬಸ್ಸಿನ ಕಂಡಕ್ಟರ್‌ಗೆ ಒಂದಕ್ಷರ ಕನ್ನಡ ಬಾರದು, ಅವನೂ ಟಿಕೆಟ್ ಹರಿಯುತ್ತ ಅದೇ ರಾಗವನ್ನು ಶಿಳ್ಳೆ ಹಾಕಿದ. ಕೊನೆಗೆ ದಿಂಡಿಗಲ್ಲಿನಲ್ಲಿ ನಮ್ಮ ತಂಡದ ಡ್ರಮ್ ಬಾರಿಸುವವನೇ, "ನಿಮ್ಮ ಕಡೆ ಇದೊಂದು ಹಾಡು ಬಹಳ ಜೋರಾಗಿದೆಯಂತಲ್ಲ, ಅರ್ಥ ಏನು?" ಎಂದು ಕೇಳಿದ. ದೇವರ ಹಾಡು ಎಂದೆ.

ಅತ್ತೆಯ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಎದುರಿಗೆ ಬಂದರೆ ಮುಖ ತಿರುಗಿಸಿದೆ. ಅವಳು ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಿದ್ದಳು, ನಾನಿದ್ದರೆ ಹಿತ್ತಲಿಂದ ಹೊರಗೆ ಹೋಗುತ್ತಿದ್ದೆ. "ಪಾಟಿನ ರಾಜಂಗೆ ಕೋಪ ಬಂದೈತೆ, ಅರಮನೆಗೆ ಹೋಗವ್ನೆ" ಎಂದು ಅವ್ವನಿಗೆ ಹೇಳುವುದು ಹಿತ್ತಲಿಗೂ ಕೇಳುತ್ತಿತ್ತು.

ಆ ವರ್ಷವೇ ದೊಡ್ಡಪ್ಪನ ಮಗನ ಮದುವೆ ಗೊತ್ತಾಯಿತು, ಚಿನ್ನಮನೂರಿನಲ್ಲಿ. ನಮ್ಮ ತಂಡದ ಹಾಡಿರಲಿ ಎಂದು ಮದುಮಗನೇ ಹಟ ಹಿಡಿದ. ಅಪ್ಪ ನನ್ನನ್ನು ಕರೆದು ಕೂರಿಸಿಕೊಂಡರು. ಅವರು ಹೆಚ್ಚು ಮಾತಿನವರಲ್ಲ.

"ನೋಡು, ನಾ ನಿಂಗೆ ಬೇಡ ಅನ್ನಲ್ಲ, ಬೇಕು ಅಂತ್ಲೂ ಅನ್ನಲ್ಲ. ಮದುವೇಲಿ ನಮ್ ಜನ ಕುಂತು ನಿನ್ ಪಾಟು ಕೇಳಿದ್ರೆ ನೀ ದಿಂಡಿಗಲ್ಗೆ ಹೋಗು. ಎದ್ದು ಹೋದ್ರೆ ಆ ಪೆಟ್ಟಿಗೆ ಅಟ್ಟದ ಮ್ಯಾಲಿರ್ಲಿ, ನೀ ಗದ್ದೆಗೆ ಬಾ."

ಒಪ್ಪಿದೆ. ಗೆಲ್ಲುತ್ತೇನೆ ಎಂಬ ಸೊಕ್ಕಿನಿಂದಲೇ ಒಪ್ಪಿದೆ.

ಬೆಳಗಿನ ಮುಹೂರ್ತ ಮುಗಿಯಿತು. ಊಟಕ್ಕೆ ಇನ್ನೂ ಹೊತ್ತಿತ್ತು. ಚಪ್ಪರದ ತುಂಬ ನಮ್ಮವರು. ತಮಿಳು ಸ್ನೇಹಿತರು, ವ್ಯಾಪಾರದ ಪರಿಚಯದವರು ಬೆಂಚುಗಳ ಮೇಲೆ. ಅಪ್ಪ ಮುಂದಿನ ಚಾಪೆಯಲ್ಲಿ ತೊಡೆಯ ಮೇಲೆ ಟವೆಲ್ ಮಡಿಸಿಟ್ಟುಕೊಂಡು ಕೂತಿದ್ದರು. ನಾನು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಗಿಟಾರ್ ತೂಗುಹಾಕಿಕೊಂಡು ಮೈಕಿನ ಮುಂದೆ ನಿಂತೆ. ಮಾಸ್ಟರ್ ಹಾರ್ಮೋನಿಯಂ ಎತ್ತಿದರು. ನಗರಗಳೆಲ್ಲ ನನ್ನ ಹೆಸರು ಹಿಡಿದು ಕೂಗತೊಡಗಿದವು.

ಮೊದಲ ನುಡಿ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಎದ್ದು ಅಡುಗೆ ಚಪ್ಪರದ ಕಡೆ ಹೋದಳು. ಅವಳ ಹಿಂದೆ ನಾಲ್ಕು ಜನ ಹೆಂಗಸರು ಹೋದರು. ಗಂಡಸರಲ್ಲಿ ಒಬ್ಬರು ಬಾಳೆಲೆ ನೋಡಲು, ಇನ್ನೊಬ್ಬರು ಎತ್ತಿಗೆ ನೀರು ಕುಡಿಸಲು ಎದ್ದರು. ಉಳಿದವರು ಒಬ್ಬರಿಗೊಬ್ಬರು ತಿರುಗಿ ಬಾವಿಯ ನೀರಿನ ವಿಚಾರ ಮಾತಾಡತೊಡಗಿದರು. ಯಾರೂ ಬೈಯಲಿಲ್ಲ, ಯಾರೂ ಮುಖ ಸಿಂಡರಿಸಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದರು. ಚಾಪೆಗಳ ನಡುವೆ ಖಾಲಿ ಜಾಗ ದೊಡ್ಡದಾಗುತ್ತ ಬಂತು. ನಾನು ದನಿ ಏರಿಸಿದಷ್ಟೂ ಜನ ಕಡಿಮೆಯಾದರು. ಹಾಡು ಮುಗಿದಾಗ ಬೆಂಚಿನ ಕಡೆಯಿಂದ ಐದಾರು ಚಪ್ಪಾಳೆ ಬಿದ್ದವು. ಅಪ್ಪ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. ಮುಗಿಯಿತು ಎಂದುಕೊಂಡೆ. ಕಣ್ಣು ಮಂಜಾಯಿತು, ನಿಜ ಹೇಳುತ್ತೇನೆ.

ಆಗ ಅತ್ತೆ ಎದ್ದಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆಯ ದಿನ ಸೋದರತ್ತೆಗೆ ತನ್ನ ತವರಿನ ಗಂಡುಮಕ್ಕಳಲ್ಲಿ ಯಾರನ್ನು ಬೇಕಾದರೂ ಹಾಡಿನಲ್ಲಿ ಕೆಣಕುವ ಹಕ್ಕು. ಕೆಣಕಿಸಿಕೊಂಡವನು ಹಾಡು ಮುಗಿಯುವವರೆಗೆ ನಿಂತ ಜಾಗ ಬಿಟ್ಟು ಕದಲಬಾರದು. ಹಾಡಿನಲ್ಲೇ ಜವಾಬು ಕೊಡಬೇಕು, ಇಲ್ಲವೇ ಸೋತೆನೆಂದು ಅವಳ ಕೈಗೆ ವೀಳ್ಯದೆಲೆ ಕೊಡಬೇಕು. ಸಿಟ್ಟಾಗಿ ನಡೆದರೆ ಅತ್ತೆಯ ಮನೆಯವರು ಆ ಚಪ್ಪರದಲ್ಲಿ ಉಣ್ಣುವುದಿಲ್ಲ.

ಅವಳು ನೇರ ನನ್ನೆದುರು ಬಂದು ನಿಂತಳು. ಮೈಕ್‌ಸೆಟ್ಟಿನವನು ಮರ್ಯಾದೆಗೆ ಮೈಕನ್ನು ಅವಳತ್ತ ತಿರುಗಿಸಿದ. "ಅದ್ನ ಆಕಡೆ ಇಡಪ್ಪ, ಎಂಜಲಾಗ್ತದೆ" ಎಂದು ಎಲೆ ಅಡಿಕೆಯನ್ನು ಕೆನ್ನೆಗೆ ತಳ್ಳಿ ಶುರು ಮಾಡಿಬಿಟ್ಟಳು.

ಬಂದಾನೆ ಬಂದಾನೆ ಪಾಟಿನ ರಾಜ.

ಎರಡನೆಯ ಸಾಲಿಗೆ ಇಡೀ ಚಪ್ಪರವೇ ದನಿ ಸೇರಿಸಿತು. ಎಲ್ಲರಿಗೂ ಗೊತ್ತಿದ್ದ ಹಾಡಲ್ಲವೇ! ಅಡುಗೆ ಚಪ್ಪರದಿಂದ ದೊಡ್ಡಮ್ಮ ಅರ್ಧ ಕೊಯ್ದ ಕುಂಬಳಕಾಯಿಯನ್ನು ಕೈಯಲ್ಲಿ ಹಿಡಿದೇ ಓಡಿಬಂದಳು. ಎತ್ತಿಗೆ ನೀರು ಕುಡಿಸಲು ಹೋದವರು ಹಗ್ಗದ ಸಮೇತ ಬಂದರು. ಖಾಲಿಯಿದ್ದ ಚಾಪೆಗಳು ತುಂಬಿದವು. ಗುಬ್ಬಿಯ ಮನೆಯ ಸಾಲಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಂಬದ ಹಾಗೆ ನಿಂತಿದ್ದೆ. ಮೈಕಿನ ವೈರು ಕಾಲಿಗೆ ಸುತ್ತಿಕೊಂಡಿತ್ತು, ಅದಕ್ಕೇ ಓಡಿಹೋಗಲಿಲ್ಲ ಎಂದು ಮುಂದೆ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನಿಂತದ್ದು ಭಯಕ್ಕೆ. ನನ್ನ ಸಿಟ್ಟಿನಿಂದ ಅತ್ತೆ ತನ್ನ ತವರಿನಲ್ಲಿ ಉಣ್ಣದೆ ಹೋಗಬಾರದಲ್ಲ.

ಮಾಸ್ಟರ್ ನನ್ನ ಪಕ್ಕಕ್ಕೆ ಬಾಗಿ ತಮಿಳಿನಲ್ಲಿ ಪಿಸುಗುಟ್ಟಿದರು: "ತಂಬಿ, ಈ ಅಮ್ಮನ ಶ್ರುತಿ ಯಾವುದು? ಬೇಗ ಹುಡುಕು."

ಅವರಿಗೆ ಅದು ಮರ್ಯಾದೆಯ ಪ್ರಶ್ನೆಯಲ್ಲ, ಬರೀ ಶ್ರುತಿಯ ಪ್ರಶ್ನೆ. ನನ್ನ ಬೆರಳುಗಳು ತಾವಾಗಿ ತಂತಿಯ ಮೇಲೆ ಹೋದವು. ಮೊದಲೆರಡು ಸಲ ತಪ್ಪಿತು. ಅತ್ತೆ ನನ್ನ ಕೈ ನೋಡಿದಳು. ಮುಂದಿನ ಸಾಲನ್ನು ಸ್ವಲ್ಪ ಎಳೆದು ನಿಧಾನವಾಗಿ ಹಾಡಿದಳು. ಮೂರನೆಯ ಸಲಕ್ಕೆ ಶ್ರುತಿ ಸಿಕ್ಕಿತು. ಹಾಡುತ್ತ ಹಾಡುತ್ತ ಅವಳು ಗದ್ದೆಯಲ್ಲಿದ್ದ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದಳು. ಅವಳ ಹೆಜ್ಜೆಗೆ ತಕ್ಕಂತೆ ನಾನು ತಂತಿ ಮೀಟಿದೆ, ಡ್ರಮ್ಮಿನವನು ಸೇರಿಕೊಂಡ. ಹಲ್ಲು ಕೀಳಿಸಿದ ನುಡಿ ಮುಗಿಸಿ, ಸೊಂಟಕ್ಕೆ ಕೈಯಿಟ್ಟು ಜವಾಬಿಗೆ ಕಾದು ನಿಂತಳು. ಇಡೀ ಚಪ್ಪರವೂ ಕಾದಿತ್ತು.

ನನ್ನ ಬಾಯಿ ಮೈಕಿನ ಮುಂದಿತ್ತು. ತಮಿಳಿನ ಒಂದು ಪದವೂ ನೆನಪಾಗಲಿಲ್ಲ. ಅತ್ತೆಗೆ ತಮಿಳಿನಲ್ಲಿ ಜವಾಬು ಕೊಡುವುದುಂಟೇ? ಬಂದದ್ದು ಇದು:

ಹಲ್ಲನು ಕಿತ್ತರು, ನಾಲಿಗೆ ಉಳಿಯಿತು
ಅತ್ತೆಯ ಸಾರು ಕುಡಿಯಾಕೆ
ಪಾಟಿಗೆ ಹಾಕಿದ ಉಪ್ಪನು ಒಸಿ
ಪಾತ್ರೆಗೂ ಹಾಕು ಅನ್ನಾಕೆ

ಚಪ್ಪರದವರೆಲ್ಲ ಕತ್ತೆತ್ತಿ ಮೇಲೆ ನೋಡಿದರು. ಮೈಕಿನಲ್ಲಿ ನಮ್ಮ ಮನೆಯ ಮಾತು ಮರದ ತುದಿಯ ಸ್ಪೀಕರಿನಿಂದ ಬೀದಿಗೆಲ್ಲ ಕೇಳುತ್ತಿದೆ! ಮೊದಲು ನಕ್ಕವರು ಮಾವ. ಜೀವನದಲ್ಲಿ ಯಾರಾದರೂ ಇದನ್ನು ಹೇಳಲಿ ಎಂದು ಕಾದಿದ್ದವರ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಎಲ್ಲರೂ. ಅತ್ತೆ ಬಿಡುತ್ತಾಳೆಯೇ, ಇನ್ನೊಂದು ನುಡಿ ಹಾಕಿದಳು. ನಾನೂ ಹಾಕಿದೆ. ಎಲೆ ಹಾಕಿದ ಮೇಲೂ ಜನ ಊಟಕ್ಕೆ ಏಳಲಿಲ್ಲ. ಕೊನೆಗೆ ನುಡಿ ತೀರಿ ನಾನು ವೀಳ್ಯದೆಲೆ ತಂದು ಅವಳ ಕೈಗಿಟ್ಟೆ.

ಎಲ್ಲರಿಗೂ ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಕುಲದ ಹಿರಿಯರೊಬ್ಬರು ಕೋಲು ಕುಟ್ಟಿ, "ಮನೆ ಮಾತ್ನ ಮೈಕ್‌ಗೆ ತಂದ್ಯಲ್ಲ, ಬಂದೋರು ಏನಂದ್ಕಂಡಾರು? ನಾಳೆ ದೇವ್ರ ಮಾತೂ ಬೀದಿಗೆ ಹೋಯ್ತದೆ" ಎಂದು ಕೂಗಾಡಿದರು. ಸಿಹಿ ಮುಟ್ಟದೆ ಎದ್ದರು. ಬಂದವರು ಏನಂದುಕೊಂಡರೆಂದರೆ, ತಮಿಳಿನ ಏಲಕ್ಕಿ ವ್ಯಾಪಾರಿಯೊಬ್ಬರು ಪಕ್ಕದವರಿಂದ ಅರ್ಥ ಕೇಳಿಕೊಂಡು, ತಡವಾಗಿ, ಒಬ್ಬರೇ ನಗುತ್ತಿದ್ದರು. ಅಲ್ಲಿಂದ ಮುಂದೆ ನಮ್ಮವರ ಮದುವೆಗಳಲ್ಲಿ ಎರಡು ಪಕ್ಷವಾಯಿತು. ಆ ಹಾಡಿದ್ದರೆ ಮಾತ್ರ ಬರುತ್ತೇವೆ ಎನ್ನುವವರು ಕೆಲವರು, ಆ ಹಾಡಿದ್ದರೆ ಬರುವುದಿಲ್ಲ ಎನ್ನುವವರು ಕೆಲವರು.

ಅಪ್ಪ ಕೈ ತೊಳೆಯುವಲ್ಲಿ ಸಿಕ್ಕರು. ಏನು ತೀರ್ಪು ಎಂದು ಕೇಳುವ ಧೈರ್ಯವಿರಲಿಲ್ಲ. ಅವರೇ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, "ನಾ ಎದ್ದಿಲ್ಲ" ಎಂದರು. ಸ್ವಲ್ಪ ಮುಂದೆ ಹೋಗಿ ಮತ್ತೆ ತಿರುಗಿ, "ಮೊದ್ಲ ಪಾಟಿಗೂ ಎದ್ದಿಲ್ಲ" ಎಂದರು.

ಅಂದು ಸಂಜೆ ಅತ್ತೆಯನ್ನು ಬಿಡಲು ಮಾರ್ಕಯನ್‌ಕೋಟ್ಟೈ ದಾರಿಯಲ್ಲಿ ನಾನೇ ಜೊತೆಗೆ ನಡೆದೆ. ಅಷ್ಟು ತಿಂಗಳ ಸಿಟ್ಟು ಎಲ್ಲಿ ಹೋಯಿತೋ. ನನ್ನ ಹಾಡು ಅಷ್ಟು ಕೆಟ್ಟದಾಗಿತ್ತೇ, ಯಾಕೆ ಎಲ್ಲರೂ ಎದ್ದರು ಎಂದು ಕೇಳಿದೆ.

"ಪೈತ್ಯಗಾರ, ಹುಚ್ಚ ನೀನು" ಎಂದು ಅವಳು ನನ್ನನ್ನು ಬೈದಳು. "ಮೈಕು ಮಾತಾಡಾಕೆ ಶುರು ಮಾಡಿದ್ರೆ ನಮ್ಮೋರು ಎದ್ದು ವೇಲೆ ನೋಡ್ತಾರೆ. ನಮ್ ಕಲ್ಯಾಣಕ್ಕೆ ಮೈಕು ಬಂದಾಗ್ನಿಂದ್ಲೂ ಹಂಗೇ. ಅದು ಊರೋರ್ಗೆ ಆಡೋ ಮಾತು, ನಮ್ಗಲ್ಲ ಅಂತ. ನೀ ಚೆನ್ನಾಗಿ ಪಾಡಿದ್ರೂ ಏಳೋರು, ಕೆಟ್ಟದಾಗಿ ಪಾಡಿದ್ರೂ ಏಳೋರು."

ಈ ಸಂಗತಿ ನನಗೇಕೆ ಹೊಳೆಯಲಿಲ್ಲ? ನಾನೂ ಅದೇ ಚಪ್ಪರಗಳಲ್ಲಿ ಬೆಳೆದವನು, ಮೈಕಿನ ಭಾಷಣ ಶುರುವಾದೊಡನೆ ಎದ್ದು ಓಡಿದವನು. ನನ್ನವರ ಮೆಚ್ಚುಗೆ ಬೇಕೆಂದು ನನ್ನವರು ಕಿವಿಗೊಡದ ಕಡೆಯಿಂದಲೇ ಕೂಗಿದ್ದೆ.

"ಅದ್ಕೇ ಆ ಪಾಟ್ನ ಊರೂರ್ಗೆ ಹಬ್ಬಿಸಿದ್ಯಾ ಅತ್ತೆ? ಮದುವೇಲಿ ಎಲ್ರಿಗೂ ಗೊತ್ತಿರ್ಲಿ ಅಂತ?"

"ಥೂ! ಆ ವರ್ಸ ನಾಟಿಗೆ ಒಂದು ಪಾಟು ಬೇಕಿತ್ತು. ನೀ ಸಿಕ್ದೆ. ಎಮ್ಮೆ ಸಿಕ್ಕಿದ್ರೆ ಎಮ್ಮೆ ಮ್ಯಾಲೆ ಕಟ್ತಿದ್ದೆ."

ನಿಜವೋ ಸುಳ್ಳೋ, ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಯಾವತ್ತೂ ಹೊರಡಿಸಲಾಗಲಿಲ್ಲ.

ನಾನು ದಿಂಡಿಗಲ್ಲಿಗೆ ಹೋದೆ. ನಮ್ಮವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಮದುವೆಗೆ ನಮ್ಮ ತಂಡವನ್ನು ಕರೆಯತೊಡಗಿದರು. ತಮಿಳು ಹಾಡುಗಳ ನಡುವೆ ನಮ್ಮ ಮಾತಿನ ನಾಲ್ಕು ಹಾಡು ಇರಲೇಬೇಕಿತ್ತು. ಮಾಸ್ಟರ್ ಒಮ್ಮೆ ನನ್ನ ಜೊತೆ ಮಾರ್ಕಯನ್‌ಕೋಟ್ಟೈಗೇ ಬಂದು, ತಂಡದಲ್ಲಿ ಹಾಡಬೇಕೆಂದು ಅತ್ತೆಯನ್ನು ಕೈಮುಗಿದು ಕೇಳಿದರು. ಮೆಡ್ರಾಸಿನವರೆಗೆ ಕರೆದೊಯ್ಯುತ್ತೇನೆ, ದೊಡ್ಡ ಹೆಸರು ಬರುತ್ತದೆ ಎಂದರು. ಅವಳು ತಮಿಳಿನಲ್ಲಿ ಕೊಟ್ಟ ಉತ್ತರವನ್ನು ಅವರು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು: "ನನ್ನ ಪಾಟು ಹಿಂದಕ್ಕೇ ನಡೆಯೋದು ಮಾಸ್ಟ್ರೇ. ನಿಮ್ಮ ಮೇಡೆ ಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ಇಟ್ಟರೆ ಬಿದ್ದು ಸೊಂಟ ಮುರಿಯುತ್ತೆ."

ಆ ದಶಕ ಮುಗಿಯುವ ಮುಂಚೆಯೇ ಅವಳು ಹೋದಳು. ನಾಟಿಯ ಕಾಲವೇ. ಮಧ್ಯಾಹ್ನ ಗದ್ದೆಯಿಂದ ಜ್ವರ ಎಂದು ಬಂದು ಮಲಗಿದವಳು ಮೂರನೆಯ ದಿನ ಇರಲಿಲ್ಲ. ನನಗೆ ಸುದ್ದಿ ತಲುಪಿ ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖವನ್ನೂ ನೋಡಲಿಲ್ಲ. ಮಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನನಗೆ ಅಳಲೂ ಆಗಲಿಲ್ಲ.

ಹಾಲು ತುಪ್ಪ ಬಿಟ್ಟ ಮರುದಿನ ಬೆಳಿಗ್ಗೆ ಅವಳ ಗುಂಪಿನ ಎರಡನೆಯ ಆಳು ಬಾಗಿಲಿಗೆ ಬಂದಳು. ಅವಳು ತಮಿಳಿನವಳು, ಅತ್ತೆಯ ಜೊತೆ ಇಪ್ಪತ್ತು ವರ್ಷ ನಾಟಿ ಮಾಡಿದವಳು. ನಮ್ಮ ಕನ್ನಡದಲ್ಲೇ ಅಪ್ಪನಿಗೆ ಹೇಳಿದಳು: "ಅಕ್ಕ ಶುರು ಮಾಡಿದ ಗದ್ದೆ ಅರ್ಧಕ್ಕೆ ನಿಂತೈತೆ. ಪೈರಿನ ಕಟ್ಟು ಹಳದಿ ಆಗ್ತಾ ಐತೆ. ಪಾಟು ಹಿಡಿದೋರು ನಡುವೆ ಹೋದ್ರೆ ಅವ್ರ ತವರಿನವ್ರು ಇಳಿದು ಮುಗಿಸಬೇಕು ಅಂತ ಅಕ್ಕನೇ ಹೇಳೋರು. ಯಾರಾದ್ರೂ ಬನ್ನಿ."

ಅಪ್ಪನಿಗೆ ಮಂಡಿನೋವು. ಅವರು ನನ್ನತ್ತ ನೋಡಿದರು. ನಾನು ಪ್ಯಾಂಟು ಬಿಚ್ಚಿ ಮಾವನ ಪಂಚೆ ಸುತ್ತಿಕೊಂಡು ಹೋದೆ.

ಸಾಲಿನ ನಡುವೆ ಅತ್ತೆಯ ಜಾಗದಲ್ಲಿ ನಿಲ್ಲಿಸಿದರು. ಎರಡೂ ಕಡೆ ಹೆಂಗಸರು. ಆ ವರ್ಷ ಅವಳು ಪಂಪ್‌ಸೆಟ್ಟಿನ ಮೇಲೆ ಕಟ್ಟಿದ್ದ ಹಾಡನ್ನು ಎರಡನೆಯವಳು ನನಗೆ ಸಾಲು ಸಾಲಾಗಿ ಹೇಳಿಕೊಟ್ಟಳು. ಎತ್ತಿದೆ. ದೊಡ್ಡ ದೊಡ್ಡ ಚಪ್ಪರಗಳಲ್ಲಿ ಹಾಡಿದ ದನಿ, ಚೆನ್ನಾಗಿಯೇ ಎದ್ದಿತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಗುಂಪು ಚೆದುರಿತ್ತು. ನನ್ನ ಹಾಡು ಮುಂದೆ ಓಡುತ್ತಿತ್ತು, ಕೈಗಳು ಹಿಂದೆ ಉಳಿಯುತ್ತಿದ್ದವು. ನನ್ನ ಕೈಯೂ ಸೇರಿ. ಬೆನ್ನು ಸಿಡಿಯುತ್ತಿತ್ತು, ಪೈರು ಕೆಸರಿನಲ್ಲಿ ನಿಲ್ಲದೆ ತೇಲುತ್ತಿತ್ತು.

"ಹಂಗಲ್ಲ ತಂಬಿ" ಎಂದಳು ಎರಡನೆಯವಳು. "ಅಕ್ಕ ಪಾಡೋ ಮುಂಚೆ ಸಾಲು ಪೂರ್ತಿ ಒಂದ್ಸಲ ನೋಡೋರು. ಅವತ್ತು ಯಾರ ಕೈ ಎಲ್ರಿಗಿಂತ ನಿಧಾನವೋ, ಯಾರಿಗೆ ಮೈ ಸರಿಯಿಲ್ವೋ, ಅವ್ರ ಕೈಗೆ ತಕ್ಕಂಗೆ ಪಾಟು ಹಿಡಿಯೋರು. ಯಾರೂ ಹಿಂದೆ ಬೀಳ್ತಿರ್ಲಿಲ್ಲ, ಅದ್ಕೇ ಗದ್ದೆ ಬೇಗ ಮುಗೀತಿತ್ತು."

ನಾನು ತಲೆಯೆತ್ತಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಹನ್ನೊಂದು ಹೆಂಗಸರು ಕೈಯಲ್ಲಿ ಪೈರು ಹಿಡಿದು ನನ್ನನ್ನೇ ನೋಡುತ್ತಿದ್ದರು. ಆ ದಿನ ಆ ಗದ್ದೆಯಲ್ಲಿ ಎಲ್ಲರಿಗಿಂತ ನಿಧಾನದ ಕೈ ನನ್ನದಾಗಿತ್ತು.

ಎರಡನೆಯವಳು ನಗಲಿಲ್ಲ. ಹಾಡನ್ನು ನನ್ನಿಂದ ತೆಗೆದುಕೊಂಡು ಮೆಲ್ಲಗೆ, ಎಳೆದು ಎಳೆದು ಎತ್ತಿದಳು. ಉಳಿದವರೂ ಅಷ್ಟೇ ನಿಧಾನಕ್ಕೆ ಇಳಿದರು. ನಾನು ಒಂದು ಪೈರು ನೆಟ್ಟು ಕೈಯೆತ್ತುವವರೆಗೆ ಆ ಹನ್ನೊಂದು ಜನವೂ ಹಾಡಿನ ಸಾಲನ್ನು ಬಾಯಲ್ಲೇ ಹಿಡಿದು ಕಾದರು, ಆಮೇಲೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಿಂದಕ್ಕೆ ಇಟ್ಟೆವು. ಮೂರು ದಿನದಿಂದ ಬಾರದ ಅಳು ಆಗ ಬಂತು. ಅಳುತ್ತಲೇ ನೆಟ್ಟೆ. ಬಿಸಿಲು ಇಳಿಯುವ ಮುಂಚೆ ಗದ್ದೆ ಮುಗಿಯಿತು.